ಹೊಸ ಸಾಧನದ ಬೆಲೆ: ಓಲೆಗರಿಯಿಂದ ಮೊಬೈಲಿನವರೆಗೆ

ಕುಮಟಾ ತಾಲೂಕಿನ ಹಿರೇಗುತ್ತಿ ರಾಷ್ಟ್ರೀಯ ಹೆದ್ದಾರಿ 66ರ ಅಂಚಿನಲ್ಲಿರುವ ಊರು. ಒಂದು ಕಡೆಗೆ ಗೋಕರ್ಣ ಮತ್ತು ಸಾಣಿಕಟ್ಟೆಯ ಉಪ್ಪಿನ ಆಗರಗಳು, ಇನ್ನೊಂದು ಕಡೆಗೆ ಮಿರ್ಜಾನಿನ ಕೋಟೆ. ಇಂಥ ಊರಿನ ಚಹದಂಗಡಿಯಲ್ಲಿ ಯಾರಾದರೊಬ್ಬರು ಹೊಸ ಮೊಬೈಲನ್ನು ಜೇಬಿನಿಂದ ತೆಗೆದರೆ ಮಾತು ಹೇಗೆ ಸಾಗುತ್ತದೆಂಬುದನ್ನು ಕರಾವಳಿಯಲ್ಲಿ ಬಾಳಿದವರು ಸುಲಭವಾಗಿ ಊಹಿಸಬಲ್ಲರು. "ಇದಕ್ಕೆ ಇಷ್ಟು ದುಡ್ಡು ಎಂತಕ್ಕೆ ಮಾರಾಯಾ, ಹಳೇದೇ ಸಾಕಿತ್ತಲ್ಲ" ಎನ್ನುವವರೊಬ್ಬರು. "ಕಾಲಕ್ಕೆ ತಕ್ಕ ಹಾಗೆ ಇರಬೇಕು" ಎನ್ನುವವರು ಮತ್ತೊಬ್ಬರು. ಈ ಇಬ್ಬರ ದನಿಯೇ ದೊಡ್ಡದು. ಮೂಲೆಯಲ್ಲಿ ಕುಳಿತ ಮೂರನೆಯವರು ಮಾತ್ರ ಮೆಲ್ಲನೆ ಬೇರೊಂದನ್ನು ಕೇಳುತ್ತಾರೆ: "ಹಾಳಾದ್ರೆ ಯಾರ ಹತ್ರ ಕೊಡೂದು? ಒಳಗಿದ್ದ ಫೋಟೋ ಎಲ್ಲ ತಿರುಗಿ ಸಿಗ್ತದೆಯಾ?"

ಗ್ರಾಹಕ ವಸ್ತುಗಳ ಕುರಿತ ಇಂಥ ದಿನನಿತ್ಯದ ಅಭಿಪ್ರಾಯಗಳನ್ನು ಸಾಹಿತ್ಯದ ವಿದ್ಯಾರ್ಥಿಗಳು ಸಾಮಾನ್ಯವಾಗಿ ಗಂಭೀರವಾಗಿ ಪರಿಗಣಿಸುವುದಿಲ್ಲ. ಅವು ಬೆಲೆಯ ಮಾತುಗಳು, ಬಿಡುವಿನ ಹರಟೆಗಳು ಎಂಬ ಭಾವನೆಯಿದೆ. ಆದರೆ ಕನ್ನಡದ ಗ್ರಂಥಗಳು ಒಂದು ಸಾಧನದಿಂದ ಇನ್ನೊಂದಕ್ಕೆ ದಾಟಿ ಬಂದ ಚರಿತ್ರೆಯನ್ನು ಎದುರಿಗಿಟ್ಟುಕೊಂಡು ನೋಡಿದರೆ ಬೇರೆಯೇ ಒಂದು ಚಿತ್ರ ದೊರೆಯುತ್ತದೆ. ಹೊಸತನ್ನು ಹಳಿಯುವ ಮಾತೂ ಹೊಗಳುವ ಮಾತೂ ಆ ಚರಿತ್ರೆಯುದ್ದಕ್ಕೂ ಕೇಳಿಬಂದಿವೆ. ಆದರೆ ಗ್ರಂಥಗಳು ಉಳಿದುದೂ ಅಳಿದುದೂ ಆ ಮೂರನೆಯ ಪ್ರಶ್ನೆಗೆ ದೊರೆತ ಉತ್ತರವನ್ನು ಅನುಸರಿಸಿಯೇ. ಒಳಗಿಟ್ಟದ್ದು ತಿರುಗಿ ಹೊರಗೆ ಬರುತ್ತದೆಯೇ, ಮತ್ತು ಬಂದರೆ ಯಾರ ಕೈಗೆ ಬರುತ್ತದೆ ಎಂಬುದೇ ಯಾವ ಸಾಧನದ ಪ್ರಯೋಜನವನ್ನಾದರೂ ಅಳೆಯುವ ಸರಿಯಾದ ಮಾನದಂಡ.

ಪ್ರಯೋಜನವೆಂಬುದು ನೋಡುವವರ ಸ್ಥಾನವನ್ನು ಅವಲಂಬಿಸಿದೆ ಎಂಬುದಕ್ಕೆ ಅಡುಗೆಮನೆಯ ನಿದರ್ಶನವೊಂದೇ ಸಾಕು. ಮಿಕ್ಸರ್ ಮನೆಮನೆಗೆ ಬಂದಾಗ ಕರಾವಳಿಯಲ್ಲಿ ಕೇಳಿಬಂದ ಮಾತು, ಅರೆಯುವ ಕಲ್ಲಿನ ಮಸಾಲೆಯ ರುಚಿ ಇದಕ್ಕಿಲ್ಲ ಎಂಬುದು. ಆ ಮಾತು ಸುಳ್ಳಲ್ಲ. ಕಲ್ಲಿನಲ್ಲಿ ನಿಧಾನವಾಗಿ ಅರೆದ ತೆಂಗಿನಕಾಯಿಯ ನುಣುಪು ಬೇರೆ, ಉಕ್ಕಿನ ಅಲಗು ಕ್ಷಣದಲ್ಲಿ ಕತ್ತರಿಸಿ ಕೊಡುವ ನುಣುಪು ಬೇರೆ. ಆದರೆ ಆ ರುಚಿಯನ್ನು ಹೊಗಳಿದವರಲ್ಲಿ ಹೆಚ್ಚಿನವರು ಉಣ್ಣಲು ಕುಳಿತವರು. ದಿನವೂ ಕಲ್ಲಿನ ಮುಂದೆ ಕುಳಿತು ಅರೆದವರ ಅಭಿಪ್ರಾಯವನ್ನು ಕೇಳಿದವರು ಕಡಿಮೆ. ಆದುದರಿಂದ ಒಂದು ಸಾಧನವು ಬೇಕೇ ಬೇಡವೇ ಎಂಬ ಪ್ರಶ್ನೆಯು ಯಾರಿಗೆ ಬೇಕು, ಯಾರಿಗೆ ಬೇಡ ಎಂಬ ಪ್ರಶ್ನೆಯಿಲ್ಲದೆ ಪೂರ್ಣವಾಗುವುದಿಲ್ಲ. ಈ ತಿಳಿವಳಿಕೆಯನ್ನು ಗ್ರಂಥಗಳ ವಿಷಯಕ್ಕೂ ಅನ್ವಯಿಸಬೇಕಾಗುತ್ತದೆ.

ಓಲೆಗರಿಯೂ ಒಂದು ಕಾಲದ ಸಾಧನವೇ. ಇಂದು ಅದರ ಸುತ್ತ ಪುರಾತನತೆಯ ಪ್ರಭೆ ಕವಿದಿರುವುದರಿಂದ ಅದರ ತಾಂತ್ರಿಕ ಸ್ವರೂಪ ಮರೆಯಾಗಿದೆ. ತಾಳೆಯ ಗರಿಯನ್ನು ಕೊಯ್ದು, ಹದಗೊಳಿಸಿ, ಒಣಗಿಸಿ, ಒಂದೇ ಅಳತೆಗೆ ಕತ್ತರಿಸಿ, ತೂತು ಕೊರೆದು ದಾರ ಪೋಣಿಸಬೇಕು. ಕಬ್ಬಿಣದ ಕಂಟದಿಂದ ಅಕ್ಷರವನ್ನು ಕೊರೆಯಬೇಕು. ಕೊರೆದುದು ಕಣ್ಣಿಗೆ ಕಾಣುವಂತೆ ಮಸಿಯನ್ನು ಸವರಿ ಒರೆಸಬೇಕು. ವರ್ತಕರಿಗೂ ಲೆಕ್ಕ ಬರೆಯುವವರಿಗೂ ಇದಕ್ಕಿಂತ ಬೇರೆಯ ಸಾಧನವಿತ್ತು. ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲನ್ನು ಬಳಿದು, ಮಡಿಸಿ, ಬಳಪದಿಂದ ಬರೆಯುತ್ತಿದ್ದ ಕಡತ ಅದು. ಬರೆದುದನ್ನು ಅಳಿಸಿ ಮತ್ತೆ ಬರೆಯಲು ಅದರಲ್ಲಿ ಅನುಕೂಲವಿತ್ತು. ಆ ವಸ್ತು ಬಳಕೆಯಿಂದ ಹೋದರೂ ಪದವು ಸರಕಾರಿ ಕಚೇರಿಯಲ್ಲಿ ಉಳಿದುಕೊಂಡು, ಇಂದು ಗಣಕದೊಳಗಿನ ಫೈಲಿಗೂ ಅನ್ವಯವಾಗುತ್ತಿದೆ.

ಓಲೆಗರಿಯ ದೊಡ್ಡ ಗುಣವೆಂದರೆ ಅದನ್ನು ಓದಲು ಬೇರೊಂದು ಯಂತ್ರ ಬೇಡ. ಲಿಪಿ ಬಲ್ಲ ಕಣ್ಣುಗಳಿದ್ದರೆ ಸಾಕು. ದೊಡ್ಡ ದೋಷವೆಂದರೆ ಪ್ರತಿ ಮಾಡುವ ನಿಧಾನ ಮತ್ತು ಹವೆಗೆ ತುತ್ತಾಗುವ ಸ್ವಭಾವ. ಪಶ್ಚಿಮ ಕರಾವಳಿಯ ಮಳೆ, ತೇವ, ಹುಳುಗಳ ನಡುವೆ ಓಲೆ ತಾನಾಗಿಯೇ ಶತಮಾನಗಳನ್ನು ದಾಟುವುದು ಕಷ್ಟ. ಓಲೆ ಶಿಥಿಲವಾಗುವ ಮೊದಲೇ ಇನ್ನೊಬ್ಬರು ಅದನ್ನು ಪ್ರತಿ ಮಾಡಬೇಕು. ಆದುದರಿಂದ ಹಳೆಯ ಕಾವ್ಯಗಳನ್ನು ಓಲೆಯೇ ಉಳಿಸಿತೆಂಬುದು ಅರ್ಧಸತ್ಯ. ಅವುಗಳನ್ನು ಉಳಿಸಿದ್ದು ಮತ್ತೆ ಮತ್ತೆ ಪ್ರತಿ ಮಾಡಿ ಕೊಡುವ ಪದ್ಧತಿ. ಶಾಸ್ತ್ರದಾನವೆಂಬ ಆಚರಣೆಯ ತಾಂತ್ರಿಕ ಮಹತ್ವ ಇರುವುದು ಇಲ್ಲಿಯೇ. ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬ ಸಂಗತಿಯನ್ನು ಸಾಹಿತ್ಯ ಚರಿತ್ರೆಗಳು ಧರ್ಮಶ್ರದ್ಧೆಯ ನಿದರ್ಶನವಾಗಿ ಹೇಳುತ್ತವೆ. ಅದು ಅಷ್ಟೇ ಅಲ್ಲ, ಒಂದು ಕೃತಿಯ ಆಯುಷ್ಯವು ಅದರ ಒಂದು ಪ್ರತಿಯ ಗಟ್ಟಿತನದಲ್ಲಿಲ್ಲ, ಪ್ರತಿಗಳ ಸಂಖ್ಯೆಯಲ್ಲಿಯೂ ಅವು ಚದುರಿದ ವಿಸ್ತಾರದಲ್ಲಿಯೂ ಇದೆ ಎಂಬ ತಿಳಿವಳಿಕೆಯ ಕಾರ್ಯರೂಪವೂ ಹೌದು.

ಅದೇ ಪೊನ್ನನ ಭುವನೈಕರಾಮಾಭ್ಯುದಯ ಇಂದು ಕಾವ್ಯವಾಗಿ ದೊರೆತಿಲ್ಲ. ರನ್ನನ ಪರಶುರಾಮಚರಿತ, ಚಕ್ರೇಶ್ವರಚರಿತಗಳೂ ದೊರೆತಿಲ್ಲ. ಇವೆಲ್ಲ ಅಳಿದುದಕ್ಕೆ ಪ್ರತಿಗಳ ಕೊರತೆಯೊಂದೇ ಕಾರಣವೆಂದು ಖಚಿತವಾಗಿ ಹೇಳಲಾಗದು. ಆದರೆ ಒಬ್ಬನೇ ಕವಿಯ ಎರಡು ಕೃತಿಗಳಲ್ಲಿ ಸಾವಿರ ಮನೆಗಳಿಗೆ ಹಂಚಿಕೆಯಾದುದು ಉಳಿದು, ಇನ್ನೊಂದು ಮರೆಯಾಯಿತೆಂಬ ಸಂಗತಿ ಯೋಚನೆಗೆ ಹಚ್ಚುವಂಥದು. ಎರಡೂ ಬರೆಯಲ್ಪಟ್ಟಿದ್ದು ಒಂದೇ ಬಗೆಯ ಸಾಧನದ ಮೇಲೆ. ವ್ಯತ್ಯಾಸವಿದ್ದುದು ಸಾಧನದಲ್ಲಲ್ಲ, ಅದನ್ನು ಬಳಸಿದ ರೀತಿಯಲ್ಲಿ.

ಈ ವಿಚಾರಕ್ಕೆ ಹಿರೇಗುತ್ತಿಯಿಂದ ಅದೇ ಹೆದ್ದಾರಿಯಲ್ಲಿ ತೆಂಕಣಕ್ಕೆ ಸಾಗಿದರೆ ಸಿಗುವ ಭಟ್ಕಳ ತಾಲೂಕಿನಲ್ಲಿಯೇ ಸ್ಪಷ್ಟವಾದ ನಿದರ್ಶನವಿದೆ. ಸಂಗೀತಪುರವೆಂದು ಹೆಸರಾದ ಹಾಡುವಳ್ಳಿಯ ವಿದ್ಯಾಪರಂಪರೆಗೆ ಸೇರಿದ ಭಟ್ಟಾಕಳಂಕನು 1604ರಲ್ಲಿ ಕರ್ಣಾಟಕ ಶಬ್ದಾನುಶಾಸನವನ್ನು ರಚಿಸಿದನು. ಕನ್ನಡ ಭಾಷೆಗೆ 592 ಸಂಸ್ಕೃತ ಸೂತ್ರಗಳಲ್ಲಿ ಬರೆದ ವ್ಯಾಕರಣ ಅದು. ಕನ್ನಡವು ಶಾಸ್ತ್ರಕ್ಕೆ ಒದಗುವ ಭಾಷೆಯಲ್ಲ ಎಂಬ ಆಕ್ಷೇಪವನ್ನು ಅವನು ಎದುರಿಸಬೇಕಾಗಿತ್ತು. ಅದಕ್ಕೆ ಉತ್ತರವಾಗಿ, ತತ್ತ್ವಾರ್ಥ ಮಹಾಶಾಸ್ತ್ರಕ್ಕೆ ಕನ್ನಡದಲ್ಲಿ 96000 ಗ್ರಂಥ ಪ್ರಮಾಣದ ಚೂಡಾಮಣಿ ಎಂಬ ವ್ಯಾಖ್ಯಾನವಿರುವುದನ್ನು ಅವನು ತೋರಿಸಿಕೊಡುತ್ತಾನೆ. ಇಷ್ಟು ದೊಡ್ಡ ಶಾಸ್ತ್ರಗ್ರಂಥವನ್ನು ಹೊತ್ತ ಭಾಷೆಯನ್ನು ಅಯೋಗ್ಯವೆನ್ನುವುದು ಹೇಗೆ ಎಂಬುದು ಅವನ ವಾದದ ತಿರುಳು.

ಇದರಲ್ಲಿ ವಿಷಾದದ ಸಂಗತಿಯೊಂದಿದೆ. ಸಾಕ್ಷಿಯಾಗಿ ಕರೆಸಲ್ಪಟ್ಟ ಆ 96000 ಗ್ರಂಥಗಳ ಚೂಡಾಮಣಿ ಇಂದು ಉಪಲಬ್ಧವಿಲ್ಲ. ಅದನ್ನು ಹೆಸರಿಸಿದ 592 ಸೂತ್ರಗಳ ವ್ಯಾಕರಣ ಉಳಿದಿದೆ. ಶಬ್ದಾನುಶಾಸನವು ಓಲೆಯಿಂದ ಓಲೆಗೆ ಸಾಗಿ, 1890ರಲ್ಲಿ ಬಿ.ಎಲ್. ರೈಸ್ ಅವರ ಸಂಪಾದನೆಯಲ್ಲಿ ಅಚ್ಚಾಯಿತು. 1923ರಲ್ಲಿ ಆರ್. ನರಸಿಂಹಾಚಾರ್ಯರು ಅದನ್ನು ಪರಿಷ್ಕರಿಸಿ ಮತ್ತೆ ಹೊರತಂದರು. ಹಾಡುವಳ್ಳಿಯ ರಾಜವೈಭವ ಅಳಿದು ಬಸದಿಗಳ ಅವಶೇಷಗಳು ಉಳಿದಿರುವ ಈ ಕಾಲದಲ್ಲಿ ಅಲ್ಲಿಯ ವಿದ್ಯೆಯ ಫಲ ಮಾತ್ರ ಎಲ್ಲಿ ಬೇಕಾದರೂ ಓದಲು ಸಿಗುತ್ತದೆ. ಹಸ್ತಪ್ರತಿ, ಅಚ್ಚು, ಗಣಕ ಎಂಬ ಮೂರು ಘಟ್ಟಗಳಲ್ಲಿ ಪ್ರತಿಯೊಂದು ದಾಟಿಗೂ ಯಾರೋ ಒಬ್ಬರು ಹೆಗಲು ಕೊಟ್ಟಿದ್ದಾರೆ. ಚೂಡಾಮಣಿಗೆ ಅಂಥ ಹೆಗಲು ಯಾವುದೋ ಒಂದು ಘಟ್ಟದಲ್ಲಿ ದೊರೆಯಲಿಲ್ಲ.

ಅಚ್ಚಿನ ಯಂತ್ರ ಬಂದಾಗ ಎದ್ದ ಅಭಿಪ್ರಾಯಭೇದಗಳೂ ಇಂದಿನ ಚಹದಂಗಡಿಯ ಮಾತುಗಳನ್ನು ಹೋಲುತ್ತವೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಜೈನ ಸಮಾಜದ ಸಂಪ್ರದಾಯನಿಷ್ಠರಲ್ಲಿ ಹಲವರು ಆಗಮಗ್ರಂಥಗಳ ಮುದ್ರಣವನ್ನು ವಿರೋಧಿಸಿದರು. ಅಚ್ಚಿನ ಯಂತ್ರದಲ್ಲಿ ಬಳಸುವ ಪದಾರ್ಥಗಳ ಅಶುದ್ಧಿ, ಮುದ್ರಿತ ಹಾಳೆಗಳಿಗೆ ಆಗಬಹುದಾದ ಅವಿನಯ, ಅಧಿಕಾರಭೇದವಿಲ್ಲದೆ ಎಲ್ಲರ ಕೈಗೂ ಸಿಗುವ ಆತಂಕ ಇವು ಅವರ ಕಾರಣಗಳು. ಇವನ್ನು ಮೌಢ್ಯವೆಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ಸರಿಯಲ್ಲ. ಗ್ರಂಥವನ್ನು ಪೂಜ್ಯವೆಂದು ಕಾಣುವ ಮನಸ್ಸೇ ಅದನ್ನು ಶತಮಾನಗಳ ಕಾಲ ಹುಳುವಿನಿಂದಲೂ ಬೆಂಕಿಯಿಂದಲೂ ಕಾಪಾಡಿತ್ತು. ಆದರೆ ಕಾಪಾಡುವುದಕ್ಕೂ ಓದುವುದಕ್ಕೂ ಇರುವ ಅಂತರವನ್ನು ಆ ಮನಸ್ಸು ಕಾಣಲಿಲ್ಲ.

ಮೂಡಬಿದಿರೆಯ ಸಿದ್ಧಾಂತ ಗ್ರಂಥಗಳ ಕಥೆ ಈ ಅಂತರವನ್ನು ಚೆನ್ನಾಗಿ ತೋರಿಸುತ್ತದೆ. ಷಟ್ಖಂಡಾಗಮದ ಮೇಲೆ ವೀರಸೇನಾಚಾರ್ಯರು ಬರೆದ ಧವಲಾ ಟೀಕೆ, ಕಷಾಯಪಾಹುಡದ ಮೇಲಿನ ಜಯಧವಲಾ ಹಾಗೂ ಮಹಾಧವಲವೆಂದು ಕರೆಯಲಾಗುವ ಮಹಾಬಂಧ, ಇವುಗಳ ಹಳಗನ್ನಡ ಲಿಪಿಯ ತಾಡಪತ್ರಗಳು ಮೂಡಬಿದಿರೆಯಲ್ಲಿ ಮಾತ್ರ ಉಳಿದಿದ್ದವು. ಬಹುಕಾಲ ಅವು ದರ್ಶನಕ್ಕೂ ಪೂಜೆಗೂ ಮೀಸಲಾಗಿದ್ದವು. ಓದಿ ಅರ್ಥೈಸುವ ಪರಂಪರೆ ಕ್ಷೀಣಿಸಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಆರಂಭವಾದ ಪ್ರತಿ ಮಾಡುವ ಕೆಲಸ ದಶಕಗಳ ಕಾಲ ಎಳೆಯಿತು. ಹೀರಾಲಾಲ ಜೈನರ ಸಂಪಾದನೆಯಲ್ಲಿ ಧವಲಾ ಟೀಕೆಯ ಮೊದಲ ಸಂಪುಟ 1939ರಲ್ಲಿ ಪ್ರಕಟವಾಗಿ, ಒಟ್ಟು 16 ಸಂಪುಟಗಳು ಹೊರಬಂದ ಮೇಲೆಯೇ ಆ ಗ್ರಂಥ ದೇಶದ ವಿದ್ವಾಂಸರಿಗೆ ಓದಲು ಲಭ್ಯವಾಯಿತು. ಪ್ರತಿ ಮಾಡುವ ಕೆಲಸಕ್ಕೆ ಮೊದಲೇ ಒಂದು ಅಗ್ನಿ ಅವಘಡವಾಗಿದ್ದರೆ ಅದು ಹೆಸರಾಗಿ ಮಾತ್ರ ಉಳಿಯುತ್ತಿತ್ತು. ಇಲ್ಲಿ ಅಚ್ಚು ಮಾಡಿದ ಉಪಕಾರವನ್ನು ಯಾರೂ ಅಲ್ಲಗಳೆಯುವಂತಿಲ್ಲ.

ಹಾಗೆಂದು ಅಚ್ಚು ಬಂದುದರಿಂದ ನಷ್ಟವೇ ಆಗಲಿಲ್ಲವೆಂದೂ ಅಲ್ಲ. ಸಂಪಾದಕನು ಆರಿಸಿದ ಪಾಠ ಮುಖ್ಯ ಪಠ್ಯವಾಯಿತು, ಉಳಿದ ಪಾಠಾಂತರಗಳು ಅಡಿಟಿಪ್ಪಣಿಗೆ ಇಳಿದವು ಅಥವಾ ಬಿಟ್ಟುಹೋದವು. ಪುಸ್ತಕ ಅಚ್ಚಾದ ಮೇಲೆ ಓಲೆಯ ಕಟ್ಟಿನ ಹಂಗೇಕೆ ಎಂಬ ಉದಾಸೀನ ಬೆಳೆಯಿತು. ಹೊಸ ಸಾಧನವು ಹಳೆಯದನ್ನು ಪೂರ್ತಿಯಾಗಿ ನುಂಗಿಕೊಂಡಿದೆ ಎಂಬ ನಂಬಿಕೆಯೇ ಹಳೆಯದರ ನಾಶಕ್ಕೆ ಕಾರಣವಾಗುವುದನ್ನು ಪಠ್ಯಸಂಪಾದನೆಯ ವಿದ್ಯಾರ್ಥಿಗಳು ಹೆಜ್ಜೆಹೆಜ್ಜೆಗೂ ಕಾಣುತ್ತಾರೆ. ಮುಂದೆ ಗಣಕದ ಕಾಲದಲ್ಲಿ ಇದೇ ತಪ್ಪು ಇನ್ನಷ್ಟು ವೇಗವಾಗಿ ಮರುಕಳಿಸಿತು.

ತೊಂಬತ್ತರ ದಶಕದ ಕೊನೆಯಲ್ಲಿಯೂ ಅದರ ಮುಂದಿನ ದಶಕದಲ್ಲಿಯೂ ಕನ್ನಡದ ಬರೆಹಗಾರರು, ಅಧ್ಯಾಪಕರು, ಸಂಶೋಧಕರು ಗಣಕಕ್ಕೆ ಬಂದರು. 1998ರಲ್ಲಿ ಬಂದ ಬರಹ, ಅನಂತರ ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ, ಮುದ್ರಣಾಲಯಗಳಲ್ಲಿ ನೆಲೆಸಿದ್ದ ಶ್ರೀಲಿಪಿ ಮೊದಲಾದ ತಂತ್ರಾಂಶಗಳು ಕನ್ನಡಕ್ಕೆ ಮಾಡಿದ ಸೇವೆ ದೊಡ್ಡದು. ಆದರೆ ಅಂದಿನ ಫಾಂಟ್ ಆಧಾರಿತ ವ್ಯವಸ್ಥೆಯಲ್ಲಿ ಕಡತದೊಳಗೆ ಕೂಡಿಡಲ್ಪಟ್ಟದ್ದು ಕನ್ನಡದ ಅಕ್ಷರವಲ್ಲ, ಇಂಗ್ಲಿಷಿನ ಅಕ್ಷರಗಳಿಗೂ ಚಿಹ್ನೆಗಳಿಗೂ ಮೀಸಲಾದ ಸಂಕೇತಗಳು. ಆ ಸಂಕೇತಗಳ ಮೇಲೆ ಕನ್ನಡದ ತಲೆಕಟ್ಟು, ಕೊಂಬು, ಒತ್ತುಗಳ ಚಿತ್ರಗಳನ್ನು ಹೊದಿಸಿ ತೋರಿಸಲಾಗುತ್ತಿತ್ತು. ಆ ಫಾಂಟ್ ಇರುವವರೆಗೆ ಪರದೆಯ ಮೇಲೆ ಕನ್ನಡ, ಇಲ್ಲವಾದರೆ ಅರ್ಥವಿಲ್ಲದ ಚಿಹ್ನೆಗಳ ಸಾಲು. ಒಂದು ಫಾಂಟಿನ ಸಂಕೇತ ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ. ಆ ವರ್ಷಗಳಲ್ಲಿ ಸಿದ್ಧವಾದ ಪಿಎಚ್.ಡಿ. ಪ್ರಬಂಧಗಳು, ಗ್ರಂಥಸೂಚಿಗಳು, ಕ್ಷೇತ್ರಕಾರ್ಯದ ಟಿಪ್ಪಣಿಗಳು ಫ್ಲಾಪಿಯಲ್ಲಿಯೋ ಸಿ.ಡಿ.ಯಲ್ಲಿಯೋ ಉಳಿದುಹೋಗಿ, ಇಂದು ಅವುಗಳನ್ನು ತೆರೆಯಲು ಹೊರಟವರಿಗೆ ಮೊದಲು ಯಂತ್ರ ಸಿಗದೆ, ಆಮೇಲೆ ಅಕ್ಷರ ಸಿಗದೆ ಹೋಗುವುದುಂಟು. ಸಾವಿರ ವರ್ಷದ ಶಾಸನವನ್ನು ಓದಬಹುದು, ಇಪ್ಪತ್ತೈದು ವರ್ಷದ ಫ್ಲಾಪಿಯನ್ನು ಓದಲಾಗದು ಎಂಬ ಸ್ಥಿತಿ ಇದು.

ಇದಕ್ಕೆ ಪರಿಹಾರವಾಗಿ ಒದಗಿದುದು ಯೂನಿಕೋಡ್. 1991ರ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನವಿತ್ತು. 2001ರ ವಿಂಡೋಸ್ ಎಕ್ಸ್‌ಪಿಯಿಂದ ಮುಂದೆ ಅದು ಸಾಮಾನ್ಯ ಗಣಕಗಳಿಗೆ ನಿಧಾನವಾಗಿ ತಲುಪಿತು. ಆರಂಭದ ಆಂಡ್ರಾಯ್ಡ್ ಫೋನುಗಳಲ್ಲಿ ಕನ್ನಡವು ಖಾಲಿ ಚೌಕಗಳಾಗಿ ಕಾಣುತ್ತಿದ್ದುದೂ ಇನ್ನೂ ನೆನಪಿನಿಂದ ಮಾಸಿಲ್ಲ. ಯೂನಿಕೋಡಿನಲ್ಲಿ ಪ್ರತಿಯೊಂದು ಕನ್ನಡ ಅಕ್ಷರಕ್ಕೂ ತನ್ನದೇ ಸಂಕೇತವಿದೆ. ಫಾಂಟ್ ಬದಲಾದರೆ ಅಕ್ಷರದ ಚೆಲುವು ಬದಲಾಗುತ್ತದೆಯೇ ಹೊರತು ಅಕ್ಷರ ಬದಲಾಗುವುದಿಲ್ಲ. ಹಳಗನ್ನಡದ ಱ ಮತ್ತು ೞ ಕೂಡ ಅಲ್ಲಿವೆ. ಆದರೆ ೞಕಾರಕ್ಕೆ ಆ ಮಾನಕದಲ್ಲಿ ತಪ್ಪಾಗಿ 'ಫ' ಎಂಬ ಹೆಸರು ಬಿದ್ದಿದೆ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮದಿಂದಾಗಿ ಆ ತಪ್ಪು ಹಾಗೆಯೇ ಉಳಿದಿದೆ. ಲಿಪಿಕಾರನ ಸ್ಖಾಲಿತ್ಯ ಓಲೆಗೆ ಮಾತ್ರ ಸೀಮಿತವಲ್ಲ, ಜಾಗತಿಕ ಮಾನಕಕ್ಕೂ ತಗಲಬಹುದೆಂಬುದಕ್ಕೆ ಇದು ಸಾಕ್ಷಿ. ಭಾಷೆಯನ್ನು ಬಲ್ಲವರು ಸಾಧನ ರೂಪುಗೊಳ್ಳುವ ಹೊತ್ತಿನಲ್ಲಿಯೇ ಅಲ್ಲಿರಬೇಕು, ಅದು ಮಾರುಕಟ್ಟೆಗೆ ಬಂದ ಮೇಲೆ ಅಭಿಪ್ರಾಯ ಹೇಳಿದರೆ ಸಾಲದು ಎಂಬ ಪಾಠವೂ ಇದರಲ್ಲಿದೆ.

ಇನ್ನು ಇಂದಿನ ಮೊಬೈಲಿಗೆ ಬರೋಣ. ಉತ್ತರ ಕನ್ನಡದ ಕರಾವಳಿಯ ವಿದ್ಯಾರ್ಥಿಯೊಬ್ಬನಿಗೆ ಹಳೆಯ ಗ್ರಂಥವೊಂದನ್ನು ನೋಡಬೇಕಾದರೆ ಹಿಂದೆ ಧಾರವಾಡಕ್ಕೋ ಮೈಸೂರಿಗೋ ಮೂಡಬಿದಿರೆಗೋ ಹೋಗಬೇಕಾಗಿತ್ತು. ಬಸ್ಸಿನ ಖರ್ಚು, ಉಳಿದುಕೊಳ್ಳುವ ವ್ಯವಸ್ಥೆ, ಗ್ರಂಥಾಲಯದ ಅನುಮತಿ ಎಲ್ಲವೂ ಬೇಕು. ಹೆಣ್ಣುಮಕ್ಕಳಿಗೆ ಮನೆಯ ಅನುಮತಿಯೂ ಬೇಕು. ಇಂದು 1894ರ ಕಿಟ್ಟೆಲ್ ನಿಘಂಟು, ರೈಸ್ ಅವರ ಶಾಸನ ಸಂಪುಟಗಳು, ಹಳೆಯ ಪತ್ರಿಕೆಗಳ ಸಂಚಿಕೆಗಳು ಅಂತರಜಾಲದ ಸಂಗ್ರಹಗಳಲ್ಲಿ ಲಭ್ಯವಿದ್ದು ಹಿರೇಗುತ್ತಿಯ ಜಗಲಿಯಲ್ಲಿ ಕುಳಿತೇ ಅವುಗಳನ್ನು ನೋಡಬಹುದು. ಮಿಕ್ಸರಿನ ನಿದರ್ಶನದಲ್ಲಿ ಅರೆಯುವವರನ್ನು ಕೇಳಬೇಕೆಂದಂತೆ, ಇಲ್ಲಿ ದೊಡ್ಡ ಗ್ರಂಥಾಲಯದ ಪಕ್ಕದಲ್ಲಿ ಮನೆಯಿಲ್ಲದವರನ್ನು ಕೇಳಬೇಕು. ಅವರ ಪಾಲಿಗೆ ಈ ಸಾಧನ ನಿಸ್ಸಂದೇಹವಾಗಿ ಪ್ರಯೋಜನಕಾರಿ. ಮೊಬೈಲಿನಿಂದ ಓದು ಕೆಟ್ಟಿತೆಂದು ಹಳಿಯುವವರಲ್ಲಿ ಗ್ರಂಥಾಲಯ ಹತ್ತಿರವಿದ್ದವರೇ ಹೆಚ್ಚು ಎಂಬುದನ್ನು ಮರೆಯಬಾರದು.

ಆದರೂ ಆ ಆಕ್ಷೇಪದಲ್ಲಿ ಒಂದು ಸತ್ಯಾಂಶವಿದೆ. ನೂರಾರು ಪಿಡಿಎಫ್‌ಗಳನ್ನು ಇಳಿಸಿಕೊಂಡು, ಸಂಗ್ರಹಿಸಿದ್ದನ್ನೇ ಓದಿದ್ದೆಂದು ಭಾವಿಸುವ ಅಭ್ಯಾಸ ಸಂಶೋಧನ ಕ್ಷೇತ್ರದಲ್ಲಿ ಬೆಳೆಯುತ್ತಿದೆ. ತೆರೆಯದ ಪಿಡಿಎಫ್ ಕೂಡ ಪೆಟ್ಟಿಗೆಯಲ್ಲಿಟ್ಟು ಪೂಜಿಸಿದ ಗ್ರಂಥದಂತೆಯೇ. ಮೂಡಬಿದಿರೆಯಲ್ಲಿ ಗ್ರಂಥದ ಬಗೆಗೆ ಭಕ್ತಿಯಾದರೂ ಇತ್ತು, ಇಲ್ಲಿ ಅದೂ ಇಲ್ಲ. ಇನ್ನೊಂದು ತೊಂದರೆ ಇದಕ್ಕಿಂತ ಗಂಭೀರವಾದುದು. ಕ್ಷೇತ್ರಕಾರ್ಯಕ್ಕೆ ಹೋದವರು ಹಸ್ತಪ್ರತಿಯ, ವೀರಗಲ್ಲಿನ, ಮನೆತನದ ದಾಖಲೆಯ ಚಿತ್ರಗಳನ್ನು ಫೋನಿನಲ್ಲಿ ತೆಗೆದುಕೊಳ್ಳುತ್ತಾರೆ. ಅವು ಮದುವೆಯ, ಪ್ರವಾಸದ, ಹಬ್ಬದ ಚಿತ್ರಗಳ ನಡುವೆ ಸೇರಿಹೋಗುತ್ತವೆ. ಯಾವ ಊರು, ಯಾರ ಮನೆ, ಯಾವ ಕಟ್ಟು, ಎಷ್ಟನೆಯ ಗರಿ ಎಂಬ ವಿವರ ಎಲ್ಲಿಯೂ ಬರೆದಿರುವುದಿಲ್ಲ. ಒಂದೆರಡು ವರ್ಷಗಳಲ್ಲಿ ಫೋನ್ ಬದಲಾಗುತ್ತದೆ. ಹಳೆಯ ಫೋನಿನ ಜತೆಗೆ ಆ ಚಿತ್ರಗಳೂ ಹೋಗುತ್ತವೆ. ವಾಟ್ಸಾಪಿನಲ್ಲಿ ಕಳುಹಿಸಿ ಉಳಿಸಿಕೊಂಡೆವೆಂದುಕೊಂಡವರಿಗೆ ಉಳಿಯುವುದು ಗಾತ್ರ ಕುಗ್ಗಿಸಿದ, ಅಕ್ಷರ ಮಸುಕಾದ ಪ್ರತಿ.

ಚಹದಂಗಡಿಯ ಮೂಲೆಯಿಂದ ಬಂದ ಮೂರನೆಯ ಪ್ರಶ್ನೆ ಇದೇ ಅಲ್ಲವೇ? ಹಾಳಾದರೆ ಯಾರ ಹತ್ತಿರ ಕೊಡುವುದು, ಒಳಗಿದ್ದುದು ತಿರುಗಿ ಸಿಗುತ್ತದೆಯೇ ಎಂದು ಕೇಳಿದವರಿಗೆ ಬಹುಶಃ ಯೂನಿಕೋಡಿನ ಹೆಸರು ಗೊತ್ತಿಲ್ಲ, ಭಟ್ಟಾಕಳಂಕನ ಹೆಸರೂ ಗೊತ್ತಿಲ್ಲದಿರಬಹುದು. ಆದರೆ ಅವರ ಬದುಕಿನಲ್ಲಿ ವಸ್ತುವಿನ ಬೆಲೆಯನ್ನು ಕೊಂಡ ದಿನದಲ್ಲಿ ಅಳೆಯುವ ರೂಢಿಯಿಲ್ಲ. ದೋಣಿಯ ಯಂತ್ರವಾಗಲಿ ಗದ್ದೆಯ ಪಂಪಾಗಲಿ ಕೆಟ್ಟ ದಿನದಲ್ಲಿ ಅದರ ನಿಜವಾದ ಬೆಲೆ ತಿಳಿಯುತ್ತದೆ. ದುರಸ್ತಿಗೆ ಒಗ್ಗದ ವಸ್ತು ಅಗ್ಗವಾದರೂ ದುಬಾರಿ ಎಂಬುದು ಅವರ ಅನುಭವದಿಂದ ಬಂದ ಶಾಸ್ತ್ರ. ಕ್ಯಾಮೆರಾದ ಮೆಗಾಪಿಕ್ಸೆಲ್‌ಗಳನ್ನು ಎಣಿಸುವ ಜಾಹೀರಾತು ಈ ಪ್ರಶ್ನೆಗೆ ಉತ್ತರಿಸುವುದಿಲ್ಲ.

ಈ ಮಾನದಂಡವನ್ನು ಸಾಹಿತ್ಯ ಸಂಶೋಧನೆಗೆ ಅಳವಡಿಸಿದರೆ ಕೆಲವು ತೀರ್ಮಾನಗಳು ತಾವಾಗಿಯೇ ಮೂಡುತ್ತವೆ. ಮೊದಲನೆಯದಾಗಿ, ಹಸ್ತಪ್ರತಿಯ ಕೆಲಸಕ್ಕೆ ಪ್ರತಿವರ್ಷ ಹೊಸ ಫೋನಿನ ಅಗತ್ಯವಿಲ್ಲ. ಇಂದು ಬಹುಮಂದಿ ವಿದ್ಯಾರ್ಥಿಗಳ ಕೈಯಲ್ಲಿರುವ ಸಾಧಾರಣ ಫೋನಿನ ಕ್ಯಾಮೆರಾ ಸಾಕು. ಓಲೆಯಲ್ಲಿ ಮಸಿ ಅಳಿದು ಕೊರೆತ ಮಾತ್ರ ಉಳಿದಿದ್ದರೆ ಬೇಕಾದುದು ದುಬಾರಿ ಕ್ಯಾಮೆರಾವಲ್ಲ, ಪಕ್ಕದಿಂದ ಓರೆಯಾಗಿ ಬೀಳುವ ಬೆಳಕು. ಆಗ ಕೊರೆದ ಗೆರೆಗಳ ನೆರಳಿನಲ್ಲಿ ಅಕ್ಷರ ಎದ್ದು ಕಾಣುತ್ತದೆ. ಹೊಸ ಫೋನಿಗೆ ವೆಚ್ಚವಾಗುವ ಹಣದ ಅಲ್ಪ ಭಾಗದಲ್ಲಿ ಚಿತ್ರಗಳನ್ನು ಬೇರೆಯಾಗಿ ಕೂಡಿಡುವ ಎರಡು ಡಿಸ್ಕುಗಳು ದೊರೆಯುತ್ತವೆ.

ಎರಡನೆಯದಾಗಿ, ಚಿತ್ರ ತೆಗೆಯುವುದು ಕೆಲಸದ ಆರಂಭವೇ ಹೊರತು ಮುಕ್ತಾಯವಲ್ಲ. ಕೆ. ಭುಜಬಲಿ ಶಾಸ್ತ್ರಿಗಳು ಮೂಡಬಿದಿರೆ, ಕಾರ್ಕಳ ಮೊದಲಾದೆಡೆಗಳ ಭಂಡಾರಗಳನ್ನು ಶೋಧಿಸಿ ಸಿದ್ಧಪಡಿಸಿದ ಕನ್ನಡಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ 1948ರಲ್ಲಿ ಪ್ರಕಟವಾಯಿತು. ಅದರಲ್ಲಿ ಒಂದೂ ಹಸ್ತಪ್ರತಿಯ ಪೂರ್ಣಪಾಠವಿಲ್ಲ. ಯಾವ ಗ್ರಂಥ ಎಲ್ಲಿದೆ ಎಂಬ ವಿವರವಿದೆ. ಅದೊಂದು ಸೂಚಿಯಿಂದಾಗಿ ಅನಂತರದ ಸಂಪಾದಕರಿಗೆ ದಾರಿ ತೆರೆಯಿತು. ಸೂಚಿಯಿಲ್ಲದ ಸಾವಿರ ಚಿತ್ರಗಳಿಗಿಂತ ಸೂಚಿಯಿರುವ ನೂರು ಚಿತ್ರಗಳು ಹೆಚ್ಚು ಬೆಲೆಯುಳ್ಳವು. ಚಿತ್ರ ತೆಗೆದ ದಿನವೇ ಊರು, ಮನೆತನ, ಗರಿಗಳ ಸಂಖ್ಯೆ, ಆದಿ ಮತ್ತು ಅಂತ್ಯದ ವಾಕ್ಯ ಇವನ್ನು ಯೂನಿಕೋಡಿನಲ್ಲಿ ಬರೆದಿಡುವುದಕ್ಕೆ ಅರ್ಧ ಗಂಟೆ ಸಾಕು. ಪಿಎಚ್.ಡಿ. ಪ್ರಬಂಧಗಳ ಮಾರ್ಗದರ್ಶಕರು ಇದನ್ನು ಸಲಹೆಯಾಗಿಯಲ್ಲ, ನಿಯಮವಾಗಿ ಹೇಳಬೇಕು. ಹಾಗೆಯೇ ಹಳೆಯ ಫಾಂಟುಗಳಲ್ಲಿ ಸಿಕ್ಕಿಕೊಂಡಿರುವ ಪ್ರಬಂಧಗಳನ್ನು ಅವುಗಳ ಕರ್ತೃಗಳು ಇರುವಾಗಲೇ ಯೂನಿಕೋಡಿಗೆ ಪರಿವರ್ತಿಸಿ ತಪ್ಪುಗಳನ್ನು ತಿದ್ದಿಸಿಕೊಳ್ಳಬೇಕು. ಪರಿವರ್ತಕಗಳು ಒತ್ತಕ್ಷರಗಳಲ್ಲಿ, ಹಳಗನ್ನಡದ ಅಕ್ಷರಗಳಲ್ಲಿ ಮಾಡುವ ಪ್ರಮಾದವನ್ನು ಬರೆದವರಷ್ಟು ಚೆನ್ನಾಗಿ ಇನ್ನೊಬ್ಬರು ಗುರುತಿಸಲಾರರು.

ಮೂರನೆಯದಾಗಿ, ಪ್ರತಿಯೊಂದನ್ನು ಇನ್ನೊಬ್ಬರಿಗೆ ಕೊಡಬೇಕು. ಹಸ್ತಪ್ರತಿಯ ಮನೆಯವರಿಗೆ ಒಂದು ಪ್ರತಿ, ಒಂದು ಸಂಸ್ಥೆಗೆ ಇನ್ನೊಂದು. ತನ್ನ ಪ್ರಬಂಧ ಮುಗಿಯುವವರೆಗೆ ಯಾರಿಗೂ ತೋರಿಸಬಾರದೆಂಬ ಸಂಶೋಧಕರ ಗೋಪ್ಯತೆಗೆ ಸ್ವಲ್ಪ ಕಾಲದ ಸಮರ್ಥನೆಯಿರಬಹುದು. ಆದರೆ ಬಹುಬಾರಿ ಪ್ರಬಂಧ ಮುಗಿದರೂ ಪ್ರತಿ ಹೊರಬರುವುದಿಲ್ಲ. ಒಂದು ಕಾವ್ಯದ ಸಾವಿರ ಪ್ರತಿಗಳನ್ನು ಕೈಯಿಂದ ಬರೆಯಿಸಬೇಕಾಗಿದ್ದ ಕಾಲದಲ್ಲಿ ಅತ್ತಿಮಬ್ಬೆ ಅದನ್ನು ಮಾಡಿಸಿದಳು. ಇಂದು ಒಂದು ಪ್ರತಿಯನ್ನು ಇನ್ನೊಂದಾಗಿಸಲು ಶ್ರಮವೂ ಇಲ್ಲ, ವೆಚ್ಚವೂ ಇಲ್ಲ. ಕೊಡುವ ಮನಸ್ಸಿನ ಕೊರತೆಯನ್ನು ಯಾವ ಹೊಸ ಸಾಧನವೂ ತುಂಬಿಕೊಡಲಾರದು.

ಈ ಕೆಲಸಕ್ಕೆ ಅವಸರವೂ ಇದೆ. ಭಟ್ಕಳ, ಹೊನ್ನಾವರ, ಕುಮಟಾ ಸೀಮೆಯ ಹಳೆಯ ಮನೆಗಳ ಅಟ್ಟಗಳಲ್ಲಿ ಯಕ್ಷಗಾನ ಪ್ರಸಂಗಗಳ, ವೈದ್ಯದ, ಜ್ಯೋತಿಷದ, ಜಮೀನಿನ ಲೆಕ್ಕಗಳ ಓಲೆ ಮತ್ತು ಕಾಗದದ ಕಟ್ಟುಗಳು ಇನ್ನೂ ಇರುವ ಸಾಧ್ಯತೆಯಿದೆ. ಹೆಂಚಿನ ಮನೆಗಳು ಇಳಿದು ಆರ್.ಸಿ.ಸಿ. ಮನೆಗಳು ಏಳುತ್ತಿವೆ. ಹೆದ್ದಾರಿಯ ಅಗಲೀಕರಣದಲ್ಲಿ ರಸ್ತೆಯಂಚಿನ ಕಟ್ಟಡಗಳು ತೆರವಾಗಿವೆ. ಮನೆ ಇಳಿಸುವ ದಿನವೇ ಅಟ್ಟದ ವಸ್ತುಗಳು ಕೆಳಗೆ ಬರುವುದು, ಮತ್ತು ಬಹುಮಟ್ಟಿಗೆ ಅದೇ ದಿನ ಅವು ಒಲೆಗೋ ಹೊಳೆಗೋ ಸೇರುವುದು. ಆ ದಿನ ಆ ಅಂಗಳದಲ್ಲಿ ಮೈಸೂರಿನ ಸಂಶೋಧಕರು ಇರುವುದಿಲ್ಲ. ಇರುವವರು ಮನೆಯವರು, ಕೆಲಸದವರು, ನೆರೆಯ ಕಾಲೇಜು ವಿದ್ಯಾರ್ಥಿ. ಅವರೆಲ್ಲರ ಜೇಬಿನಲ್ಲಿಯೂ ಇಂದು ಒಂದು ಕ್ಯಾಮೆರಾ ಇದೆ. ಹಿಂದಿನ ಯಾವ ಕಾಲದಲ್ಲಿಯೂ ಇಲ್ಲದಿದ್ದ ಅನುಕೂಲವಿದು.

ಆ ಕ್ಯಾಮೆರಾ ಬೆಲೆಬಾಳುವಂಥದೇ ಎಂಬ ಪ್ರಶ್ನೆಗೆ ಅಂಗಡಿಯಲ್ಲಿ ಉತ್ತರ ಸಿಗದು. ಆ ವಿದ್ಯಾರ್ಥಿ ಕಟ್ಟನ್ನು ಬಿಚ್ಚಿ, ಗರಿಗಳನ್ನು ಕ್ರಮವಾಗಿ ಹರಡಿ, ಚಿತ್ರ ತೆಗೆದು, ಹೆಸರು ಬರೆದು, ಒಂದು ಪ್ರತಿಯನ್ನು ಮನೆಯವರಿಗೂ ಇನ್ನೊಂದನ್ನು ಕಾಲೇಜಿನ ಗ್ರಂಥಾಲಯಕ್ಕೂ ಕೊಟ್ಟರೆ, ಹತ್ತು ವರ್ಷಗಳ ಅನಂತರ ಅಪರಿಚಿತನೊಬ್ಬ ಅದನ್ನು ತೆರೆದು ಓದಿದರೆ, ಆಗ ಆ ಫೋನಿಗೆ ಕೊಟ್ಟ ಹಣ ಸಾರ್ಥಕ. ಅಷ್ಟರೊಳಗೆ ಆ ಫೋನ್ ಕೆಟ್ಟು ಗುಜರಿಗೆ ಹೋಗಿದ್ದರೂ ಚಿಂತೆಯಿಲ್ಲ.